ಹನ್ನೊಂದು ಮೊಳೆಯ ಹಲಗೆ

ಆ ಹಲಗೆಯನ್ನು ಮಾಡಿಸಿದವಳು ನಾನೇ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಆಫೀಸು. ಕೆಳಗೆ ಲೇತ್ ಶೆಡ್, ಮೇಲೆ ನಮ್ಮ ಎರಡು ಕೋಣೆ. ಪೈಪು, ಟ್ಯಾಂಕುಗಳ ಬೆಸುಗೆಯಲ್ಲಿ ಒಳಬಿರುಕು ಇದೆಯೇ ಎಂದು ಗಾಮಾ ಕಿರಣ ಹಾಯಿಸಿ, ಫಿಲ್ಮ್ ತೆಗೆದು ನೋಡುವ ಸಣ್ಣ ಕಂಪನಿ ಅದು. ನನ್ನ ಅಕ್ಕನ ಗಂಡ ಅಲ್ಲಿ ಆಪರೇಟರ್. ಪಿಯುಸಿ ಮುಗಿಸಿ ದಾಸರಹಳ್ಳಿಯ ಅವರ ಮನೆಯಲ್ಲಿದ್ದ ನನ್ನನ್ನು ರಿಜಿಸ್ಟರ್ ಬರೆಯುವ ಕೆಲಸಕ್ಕೆ ಸೇರಿಸಿದವರೂ ಅವರೇ. ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಕರೆಂಟು ಹೋದ ಹೊತ್ತಿನವರೆಗೆ ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ನನ್ನ ಚಾಳಿ ನೋಡಿ ಭಾವ ನನಗೆ ಲೆಕ್ಕದಮ್ಮ ಎಂದು ಹೆಸರಿಟ್ಟಿದ್ದರು.

ಕಿರಣದ ಕೆಲಸ ಮಾಡುವವರು ಎದೆಯ ಮೇಲೆ ಒಂದು ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೈಗೆ ಬಿದ್ದ ಕಿರಣವನ್ನು ಅದರೊಳಗಿನ ಬಿಲ್ಲೆಗಳು ನೆನಪಿಟ್ಟುಕೊಳ್ಳುತ್ತವೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಪ್ರಯೋಗಾಲಯಕ್ಕೆ ಕಳಿಸಿದರೆ ಯಾರಿಗೆ ಎಷ್ಟು ಬಿದ್ದಿದೆ ಎಂದು ವರದಿ ಬರುತ್ತದೆ. ನಾನು ಅದನ್ನು ರಿಜಿಸ್ಟರಿಗೆ ಇಳಿಸಿ ಒಬ್ಬೊಬ್ಬರಿಂದ ಸಹಿ ಹಾಕಿಸಬೇಕು. ಹತ್ತು ಜನಕ್ಕೆ ಹತ್ತು ಬ್ಯಾಡ್ಜು. ಹನ್ನೊಂದನೆಯದು ಯಾರದ್ದೂ ಅಲ್ಲ. ಅದು ಕಿರಣವೇ ಇಲ್ಲದ ಕಡೆ, ಆಫೀಸಿನಲ್ಲೇ ಇರಬೇಕು. ಉಳಿದವುಗಳನ್ನು ಅದರ ಜೊತೆ ಹೋಲಿಸಿ ನೋಡುತ್ತಾರೆ.

ನಾನು ಸೇರಿದ ಮೊದಲ ಆರು ತಿಂಗಳಲ್ಲಿ ಮೂರು ಬ್ಯಾಡ್ಜು ಕಳೆದವು. ಒಂದು ಬಸ್ಸಿನಲ್ಲಿ ಬಿತ್ತು. ಒಂದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಭಾವನದು ಅಂಗಿಯ ಜೊತೆ ಅಕ್ಕನ ಒಗೆಯುವ ಬಕೆಟ್ಟಿಗೆ ಹೋಗಿ ಹಾಳಾಯಿತು. ಪ್ರತಿಯೊಂದಕ್ಕೂ ನಾನು ಕಾರಣ ಬರೆದು ಪತ್ರ ಕಳಿಸಬೇಕು, ಮಾಲೀಕರ ಬೈಗುಳ ಕೇಳಬೇಕು. ಕೊನೆಗೆ ಬಡಗಿಯಿಂದ ಒಂದು ಹಲಗೆ ಮಾಡಿಸಿ, ಹನ್ನೊಂದು ಮೊಳೆ ಹೊಡೆಸಿ, ಕೆಳಗೆ ನಂಬರು ಬರೆದು ನನ್ನ ಮೇಜಿನ ಎದುರಿಗೆ ತೂಗುಹಾಕಿದೆ. ‘ಕಳೆದವರು ಪತ್ರವನ್ನು ತಾವೇ ಬರೆಯಬೇಕು’ ಎಂದು ಚೀಟಿಯನ್ನೂ ಅಂಟಿಸಿದೆ.

ಆಮೇಲೆ ಒಂದೂ ಕಳೆಯಲಿಲ್ಲ. ವರದಿಗಳಲ್ಲೂ ಮೊದಲು ಅಲ್ಲೊಂದು ಇಲ್ಲೊಂದು ಬರುತ್ತಿದ್ದ ಸಣ್ಣ ಅಂಕಿಗಳು ನಿಂತುಹೋದವು. ಹತ್ತಕ್ಕೆ ಹತ್ತೂ ಸೊನ್ನೆ. ನಮ್ಮವರು ಈಗ ಹುಷಾರಾಗಿ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ. ಡೈರಿಯಲ್ಲಿ ಬರೆದೆ: ‘ಕಳೆದದ್ದು ಸೊನ್ನೆ. ಬಿದ್ದದ್ದು ಸೊನ್ನೆ.’

ಹತ್ತೂ ಜನ ಸೈಟಿಗೆ ಹೋಗಿರುವ ನಡುಹಗಲಿನಲ್ಲಿ ಆ ಹಲಗೆ ತುಂಬಿರುತ್ತಿತ್ತು. ದಿನವೂ ನೋಡುತ್ತಿದ್ದೆ. ಅದು ಒಪ್ಪವಾಗಿ ಕಾಣುತ್ತಿತ್ತು. ಒಮ್ಮೆ ಮಾತ್ರ ಭಾವನನ್ನು ಕೇಳಿದೆ.

“ಹಾಕ್ಕೊಂಡೋಗಲ್ವಾ ಭಾವ?”

“ಹಾಕ್ಕೊಂಡೋಗಿ ಕಳ್ಕೊಂಡ್ರೆ ಪತ್ರ ಬರೀರಿ ಅಂತೀಯ. ಇಲ್ಲಿದ್ರೆ ಜೋಪಾನ ಅಲ್ವೇನೇ ಲೆಕ್ಕದಮ್ಮ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಭಾನುವಾರದ ಕೆಲಸ ಹೆಬ್ಬಗೋಡಿಯ ಒಂದು ಟ್ಯಾಂಕ್ ಕಾರ್ಖಾನೆಯಲ್ಲಿತ್ತು. ರಜೆಯ ದಿನ, ಅಲ್ಲಿ ಜನರಿರುವುದಿಲ್ಲ. ಕಿರಣ ಸೂಸುವ ಮೂಲ ಅಕ್ಕಿಕಾಳಿನಷ್ಟು ದಪ್ಪದ್ದು, ಅದನ್ನು ಸೋರ್ಸ್ ಎನ್ನುತ್ತಾರೆ. ಭಾರದ ಪೆಟ್ಟಿಗೆಯೊಳಗೆ ಇರುವ ಅದನ್ನು ದೂರದಿಂದ ಹಿಡಿಕೆ ತಿರುಗಿಸಿ, ಕೇಬಲ್ಲಿನಿಂದ ಒಂದು ಕೊಳವೆಯ ತುದಿಗೆ ದಬ್ಬಿ, ಕೆಲಸ ಮುಗಿದ ಮೇಲೆ ವಾಪಸು ಎಳೆದುಕೊಳ್ಳಬೇಕು. ಅಂದು ಕೇಬಲ್ ಎಲ್ಲೋ ಸಿಕ್ಕಿಕೊಂಡಿತು. ಕಿರಣ ಇದೆಯೇ ಎಂದು ತೋರಿಸುವ ಮೀಟರು ರಿಪೇರಿಗೆ ಹೋಗಿತ್ತು. ಸೋರ್ಸ್ ಪೆಟ್ಟಿಗೆಯೊಳಗೆ ಬಂದಿದೆ ಎಂದುಕೊಂಡ ಭಾವ ಕೊಳವೆಯ ತುದಿಯನ್ನು ಬಲಗೈಯಲ್ಲಿ ಹಿಡಿದು ತಿರುಚಿ ಸರಿಮಾಡಿದರು. ಅದು ಇನ್ನೂ ಅಲ್ಲೇ, ಅವರ ಬೆರಳುಗಳ ನಡುವೆಯೇ ಇತ್ತು.

ಇದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಆ ದಿನದ ಡೈರಿಯಲ್ಲಿರುವುದು ಇಷ್ಟೇ: ‘ಭಾವ ನಾಲ್ಕಕ್ಕೆ ಬಂದರು. ಮುದ್ದೆ, ಬಸ್ಸಾರು. ಬೆರಳು ಉರಿ ಎಂದರು. ಮೆಣಸಿನಕಾಯಿ ಬಿಡಿಸಿದ ಮೊರ ಮುಟ್ಟಿದ್ರೇನ್ರೀ ಅಂತ ಅಕ್ಕ ಕೇಳಿದಳು.’

ಮೂರನೇ ದಿನ ಹೆಬ್ಬೆರಳು, ತೋರುಬೆರಳು ಕೆಂಪಾದವು. ಆರನೇ ದಿನ ಕೆಂಪು ಹೋಯಿತು, ವಾಸಿಯಾಯಿತು ಎಂದುಕೊಂಡೆವು. ಹದಿನಾರನೇ ದಿನ ಗುಳ್ಳೆ ಎದ್ದವು. ಬಡಾವಣೆಯ ಡಾಕ್ಟರು ಬೆಸುಗೆಯ ಕಿಡಿ ಹಾರಿರಬೇಕೆಂದು ಮುಲಾಮು ಕೊಟ್ಟರು. ಇಪ್ಪತ್ತೈದನೇ ದಿನ ಗುಳ್ಳೆ ಒಡೆದು ಚರ್ಮ ಕಳಚಿ ಬಂತು. ಅಕ್ಕ ಅನ್ನ ಕಲಸಿ ತಿನ್ನಿಸತೊಡಗಿದಳು. ಮೂವತ್ತೊಂದನೇ ದಿನ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ ಗಾಯಕ್ಕಿಂತ ಮೊದಲು ಭಾವನ ಕೆಲಸ ಏನೆಂದು ಕೇಳಿದರು. ಭಾವ ಹೇಳಿದ ಮೇಲೆ ಪೆನ್ನು ಕೆಳಗಿಟ್ಟರು.

“ಬ್ಯಾಡ್ಜ್ ಇರ್ಲಿಲ್ವಾ?”

“ಇತ್ತು ಮೇಡಂ. ಆಫೀಸಲ್ಲಿ.”

“ಆಫೀಸಲ್ಲಿ ಏನ್ ಮಾಡ್ತಿತ್ತು?”

ಭಾವ ನನ್ನ ಕಡೆ ನೋಡಲಿಲ್ಲ. “ಮೊಳೆ ಮೇಲಿತ್ತು,” ಎಂದರು.

ನಾನು ಚೀಲದಿಂದ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟೆ. ಹಾಳೆ ತಿರುವಿದಷ್ಟೂ ನನ್ನ ದುಂಡು ಅಕ್ಷರದ ಸೊನ್ನೆಗಳು.

“ಬೆಂಕಿಯಿಂದ ಸುಟ್ರೆ ಎಲ್ಲಿವರೆಗೆ ಸುಟ್ಟಿದೆ ಅಂತ ಕಣ್ಣಿಗೆ ಕಾಣುತ್ತಮ್ಮ,” ಡಾಕ್ಟರಮ್ಮ ನನಗೇ ಹೇಳಿದರು. “ಇದು ಒಳಗಡೆ ರಕ್ತನಾಳ ಸಾಯ್ತಾ ಹೋಗುತ್ತೆ, ತಿಂಗಳುಗಟ್ಲೆ. ಎಷ್ಟು ಬಿದ್ದಿದೆ ಅಂತ ಗೊತ್ತಾದ್ರೆ ಎಲ್ಲಿ ಕೊಯ್ಯಬೇಕು ಅಂತ ಅಂದಾಜು ಮಾಡಬಹುದು. ಇಲ್ದಿದ್ರೆ ಸ್ವಲ್ಪ ಸ್ವಲ್ಪ ಕೊಯ್ದು ನೋಡ್ಬೇಕಾಗುತ್ತೆ.”

“ಬ್ಯಾಡ್ಜ್ ಹಾಕ್ಕೊಂಡಿದ್ರೆ ಗೊತ್ತಾಗ್ತಿತ್ತಾ ಮೇಡಂ?”

“ಎದೆ ಮೇಲಿರೋದು ಕೈದು ಪೂರ್ತಿ ಹೇಳಲ್ಲ. ಏನೋ ಒಂದು ಹೇಳ್ತಿತ್ತು.” ರಿಜಿಸ್ಟರನ್ನು ನನ್ನ ಕಡೆ ಸರಿಸಿದರು. “ಎಷ್ಟು ಹೊತ್ತು ಹಿಡ್ಕೊಂಡಿದ್ರು ಅಂತಾದ್ರೂ ಸರಿಯಾಗಿ ಬರ್ಕೊಂಡ್ ಬನ್ನಿ.”

ಅದೊಂದು ನನ್ನಿಂದ ಆಗುವ ಕೆಲಸ ಎನ್ನಿಸಿತು. ಮನೆಗೆ ಬಂದು, ತೊಟ್ಟಿಗೆ ನೀರು ಬಿಡುವ ಪ್ಲಾಸ್ಟಿಕ್ ಪೈಪನ್ನು ಹಜಾರದಲ್ಲಿ ಹಾಸಿ ತುದಿಯನ್ನು ಭಾವನ ಎಡಗೈಗೆ ಕೊಟ್ಟೆ. ಆ ದಿನ ಮಾಡಿದ್ದನ್ನೆಲ್ಲ ಹಾಗೆಯೇ ಮಾಡಿ ತೋರಿಸಲು ಹೇಳಿ ಗಡಿಯಾರ ಹಿಡಿದು ಕೂತೆ. ಮೊದಲ ಸಲ ಇಪ್ಪತ್ತು ಸೆಕೆಂಡು. ಎರಡನೇ ಸಲ ಐವತ್ತು. ಮೂರನೇ ಸಲ ನಡುವೆ ಕೈ ಬದಲಿಸಿದ್ದು ಅವರಿಗೆ ನೆನಪಾಯಿತು. ನಾಲ್ಕನೇ ಸಲ ಕೈ ಬದಲಿಸಲೇ ಇಲ್ಲ ಎಂದರು. ಏಳು ಸಲ ಮಾಡಿಸಿದೆ. ಏಳನೆಯದು ಒಂದೂವರೆ ನಿಮಿಷ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಬಂದು ಪೈಪನ್ನು ಕಿತ್ತುಕೊಂಡು ಸುತ್ತಿಟ್ಟಳು.

“ಸಾಕು ಬಿಡೇ. ಅವ್ರಿಗೆ ಏನ್ ಕನಸು ಬಿದ್ದಿತ್ತಾ ಆವತ್ತು, ಸೆಕೆಂಡು ಎಣಿಸ್ತಾ ಹಿಡ್ಕೊಳಕ್ಕೆ.”

ಏಳೂ ಅಂಕಿಗಳನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಓದಿ, ಇದರಿಂದ ಏನೂ ಹೇಳಲಾಗದು ಎಂದು ಹಾಳೆಯನ್ನು ಮಡಿಚಿ ವಾಪಸು ಕೊಟ್ಟರು. ರಕ್ತ ಪರೀಕ್ಷೆಯೂ ಆಯಿತು. ಕೈಗೆ ಮಾತ್ರ ಬಿದ್ದಿದ್ದರೆ ರಕ್ತದಲ್ಲಿ ಕಾಣದೆಯೂ ಇರಬಹುದು ಎಂದರು. ಕಾಣಲಿಲ್ಲ.

ಅರವತ್ತೆರಡನೇ ದಿನ ತೋರುಬೆರಳಿನ ತುದಿ ತೆಗೆದರು. ಹೊಲಿಗೆ ಕೂಡಲಿಲ್ಲ. ತೊಂಬತ್ತನೇ ದಿನ ಅದೇ ಬೆರಳನ್ನು ಬುಡದವರೆಗೆ, ಹೆಬ್ಬೆರಳನ್ನು ಅರ್ಧದವರೆಗೆ ತೆಗೆದರು. ನೋವಿಗೆ ಭಾವ ಗೋಡೆಗೆ ಬೆನ್ನು ಕೊಟ್ಟು ಕೂತೇ ಇರುತ್ತಿದ್ದರು. ಮಧ್ಯದ ಬೆರಳಿನ ಉಗುರಿನ ಕೆಳಗೆ ಒಂದು ಕಪ್ಪು ಗೆರೆ ಕಾಣಿಸಿಕೊಂಡಿತ್ತು. ಅದು ಬೆರಳಿನ ಬುಡದ ಕಡೆಗೆ ಮೇಲೇರುತ್ತದೆಯೇ ನೋಡಿಕೊಳ್ಳಿ ಎಂದಷ್ಟೇ ಹೇಳಿ ಡಾಕ್ಟರಮ್ಮ ಕಳಿಸಿದರು. ನಾನು ಪ್ರತಿ ಭಾನುವಾರ ಸ್ಕೇಲಿನಲ್ಲಿ ಅಳೆದು ಬರೆದಿಡತೊಡಗಿದೆ.

ಆ ಮೂರು ತಿಂಗಳ ವರದಿ ಅಷ್ಟರಲ್ಲಿ ಬಂತು. ಭಾವನ ನಂಬರು ನಾಲ್ಕು. ನಾಲ್ಕರ ಮುಂದೆ ಸೊನ್ನೆ.

“ಇದನ್ನ ಹೇಗೆ ಬರೀಲಿ ಸಾರ್?” ಎಂದು ಮಾಲೀಕರನ್ನು ಕೇಳಿದೆ.

“ಬಂದಿದ್ದನ್ನ ಬರಿಯಮ್ಮ. ಬ್ಯಾಡ್ಜ್ ಹಾಕ್ಕೊಂಡಿರ್ಲಿಲ್ಲ ಅಂತ ನಾನೂ ಮೇಲಿನವ್ರಿಗೆ ತಿಳಿಸಿದೀನಿ. ಅಂಕಿ ಎಲ್ಲಿಂದ ತರೋಣ ಹೇಳು.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸೊನ್ನೆ ಬರೆದೆ. ಹಲಗೆ ಆಗ ಹೆಚ್ಚುಕಡಿಮೆ ಖಾಲಿ ಇತ್ತು. ಸೈಟಿಗೆ ಹೋದ ಒಂಬತ್ತು ಜನರೂ ಬ್ಯಾಡ್ಜ್ ಹಾಕಿಕೊಂಡು ಹೋಗಿದ್ದರು. ಹನ್ನೊಂದನೆಯದು ಮತ್ತು ನಾಲ್ಕನೆಯದು ಮಾತ್ರ ನೇತಾಡುತ್ತಿದ್ದವು.

ಸಹಿ ಬೇಕಿತ್ತು. ಭಾನುವಾರ ರಿಜಿಸ್ಟರನ್ನು ಮನೆಗೆ ತಂದೆ. ಭಾವ ಎಡಗೈಯಲ್ಲಿ ಪೆನ್ನು ಹಿಡಿದು ಎರಡು ಸಲ ಜಾರಿಸಿದರು.

“ಐಟಿಐ ಪಾಸ್ ಮಾಡಿ ಕೊನೇಗೆ ಹೆಬ್ಬೆಟ್ಟಿನ ಗಿರಾಕಿ ಆದೆ ನೋಡು. ಇಂಕ್ ಪ್ಯಾಡ್ ತಂದಿದೀಯಾ?”

“ಇಲ್ಲ ಭಾವ. ಹೇಗ್ ಬಂದ್ರೂ ಪರ್ವಾಗಿಲ್ಲ, ಹಾಕಿ.”

ಮೂರನೇ ಸಲಕ್ಕೆ ಹಾಕಿದರು. ಸೊನ್ನೆಯ ಪಕ್ಕದಲ್ಲಿ ಅದು ಒಂದನೇ ತರಗತಿ ಮಗುವಿನ ಬರಹದಂತೆ ಕಂಡಿತು. ಆಮೇಲೆ ತಾವಾಗಿಯೇ ಬಲಗೈಯನ್ನು ಮುಂದೆ ಚಾಚಿದರು.

“ಇವತ್ತಿಂದು ಅಳೆದ್ಬಿಡು.”

ಸ್ಕೇಲ್ ಇಟ್ಟೆ. ಕಪ್ಪು ಗೆರೆ ಹೋದ ವಾರಕ್ಕಿಂತ ಎರಡು ಮಿಲಿಮೀಟರ್ ಮೇಲೆ ಬಂದಿತ್ತು.

“ಎಷ್ಟು?” ಎಂದರು. ಅಕ್ಕ ಒಲೆ ಸಣ್ಣ ಮಾಡಿ ಕೇಳಿಸಿಕೊಳ್ಳುತ್ತಿದ್ದಳು.

ಎರಡು ಎಂದೆ. ತಾರೀಖು ಹಾಕಿ ಡೈರಿಯಲ್ಲಿ ಬರೆದುಕೊಂಡೆ.