ವೆಂಕಟಾಚಲಯ್ಯನವರ ಇಲಿ ಪರೀಕ್ಷೆ

ಚಾಮರಾಜಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ವೆಂಕಟಾಚಲಯ್ಯನವರಿಗೆ ಚಿತ್ರ ಬರೆಯುವವರು ಬೇಕು. ಆದರೆ ಅಂಥವರು ಫೋನಿನಲ್ಲೇ ಸಿಗುವ ಜಾಲತಾಣಗಳಲ್ಲಿ ಯಾವುದು ಒಳ್ಳೆಯದೆಂದು ವರ್ಷವಾದರೂ ತೀರ್ಮಾನವಾಗಿಲ್ಲ. ಕಾಫಿ ಕುಡಿದು ಫೋನ್ ಹಿಡಿದರೆಂದರೆ ಹೆಣ್ಣು ನೋಡಲು ಹೊರಟವರ ಗತ್ತು. ಒಂದು ತಾಣದಲ್ಲಿ ಎಲ್ಲರಿಗೂ ಐದು ನಕ್ಷತ್ರ, ಆದ್ದರಿಂದ ನಂಬುವಂತಿಲ್ಲ. ಇನ್ನೊಂದರಲ್ಲಿ ಮುಖವಿರಬೇಕಾದಲ್ಲಿ ಬೆಕ್ಕಿನ ಫೋಟೊ. ಯಾರೇ ಸಿಕ್ಕರೂ ಮೊದಲು "ಊಟ ಆಯ್ತೇನಪ್ಪಾ?" ಎಂದು ಬರೆಯುತ್ತಾರೆ. ಉತ್ತರ ಬರದಿದ್ದರೆ ಆ ತಾಣವೇ ಬೇಡ. ಬಂದರೆ, ಪತ್ರಿಕೆಯ ನೆತ್ತಿಗೊಂದು ಗಣಪತಿ ಬರೆದು ಕಳಿಸಲು ಹೇಳಿ, ಕಳಿಸಿದ ಮೇಲೆ ಗಣಪತಿಯನ್ನು ಬಿಟ್ಟು, ಕನ್ನಡಕ ಸರಿಮಾಡಿಕೊಂಡು ಇಲಿಯನ್ನು ನೋಡುತ್ತಾರೆ. "ಇದೂ ಕಡುಬನ್ನೇ ನೋಡ್ತಿದೆ ಕಣೇ, ಬೇಡ." "ಇಲಿ ಕಡುಬು ನೋಡ್ದೆ ಪಂಚಾಂಗ ನೋಡತ್ತಾ? ಯಾರನ್ನಾದ್ರೂ ಒಪ್ಕೊಳ್ಳೀಂದ್ರೆ!" ಎಂದು ಹೆಂಡತಿ ಭಾಗೀರಥಮ್ಮ ರೇಗುತ್ತಾರೆ. ಆದರೆ ಅವರಿಗೂ ಗೊತ್ತು. ಪ್ರೆಸ್ಸಿನ ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಶಶಿಕುಮಾರನ ಇಲಿ ಮಾತ್ರ ಮುಂದಿನ ಕಡುಬನ್ನು ಬಿಟ್ಟು ತಲೆಯೆತ್ತಿ ಸ್ವಾಮಿಯ ಮುಖ ನೋಡುತ್ತಿತ್ತು. "ಒಂದು ಇಲಿಗೆ ಇಷ್ಟು ಹೊತ್ತೇನೋ? ಫೋನಲ್ಲಿ ನಿನ್ನಂಥೋರು ಸಾವಿರ ಜನ ಸಿಗ್ತಾರೆ, ಹೋಗು" ಎಂದು ಗಿರಾಕಿಗಳ ಮುಂದೆ ಯಜಮಾನರು ಗದರಿದ ದಿನ ಅವನು ಕುಂಚ ತೊಳೆದಿಟ್ಟು ಹೋದ, ಎಲ್ಲಿ ವಿಚಾರಿಸಿದರೂ ಸಿಗಲಿಲ್ಲ. ಆ ಸಾವಿರ ಜನರ ನಡುವೆ ಈಗ ಅವರು ಹುಡುಕುತ್ತಿರುವುದು ಅವನನ್ನೇ. ಅದಕ್ಕೇ ಗಂಡ ಹೊಸ ತಾಣ ತೆರೆದಾಗಲೆಲ್ಲ ಭಾಗೀರಥಮ್ಮ ದೇವರ ಮನೆಯ ಕಡೆ ತಿರುಗಿ ಮೆಲ್ಲಗೆ ಕೈಮುಗಿಯುತ್ತಾರೆ: "ಈ ಸಲವಾದ್ರೂ ಇಲಿ ತಲೆ ಎತ್ತಲಪ್ಪಾ."