ಗಂಧದ ಸಾಬೂನಿನ ಮರಿ

ನಮ್ಮ ಮನೆಗೆ ಬರುವವರಿಗೆ ದಾರಿ ಹೇಳಬೇಕಾಗಿಲ್ಲ. ದುಂಡಸಿಯಲ್ಲಿ ಬಸ್ಸಿಳಿದು ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, ಮೂಗೇ ಮನೆ ತೋರಿಸುತ್ತದೆ. ಎಪ್ಪತ್ತು ಕುರಿಗಳ ವಾಸನೆ ಎಂದರೆ ತಮಾಷೆಯಲ್ಲ. ಮದುವೆಯ ಮಾತುಕತೆಯಲ್ಲಿ ನಮ್ಮ ಮಾವ, "ಹೊಲಾ ಐತ್ರಿ, ಜೋಡಿಗೆ ಒಂದ್ ನಾಕ್ ಕುರಿ ಅದಾವು" ಎಂದಿದ್ದರು. ಅವರು ಸುಳ್ಳು ಹೇಳುವವರಲ್ಲ, ಕುರಿಗಳ ವಿಷಯ ಬಂದಾಗ ಮಾತ್ರ ಸ್ವಲ್ಪ ಸಂಕೋಚ. ಹಿರೇಕೆರೂರಿನ ನಮ್ಮಪ್ಪನಿಗೆ ಇದ್ದದ್ದು ಹತ್ತಿಯ ಹೊಲ ಮತ್ತು ಒಂದು ಎಮ್ಮೆ. ಕುರಿಗಳನ್ನು ನಾನು ನೋಡಿದ್ದೆಲ್ಲ ಹಾವೇರಿಗೆ ಹೋಗುವ ಬಸ್ಸಿನ ಕಿಟಕಿಯಿಂದ, ಅದೂ ಅವು ರಸ್ತೆ ಬಿಡದೆ ಡ್ರೈವರು ಹಾರ್ನ್ ಹೊಡೆದು ಸುಸ್ತಾಗುವಾಗ.

ಗಂಡನ ಮನೆಗೆ ಬರುವಾಗ ಟ್ರಂಕಿನಲ್ಲಿ ಆರು ಗಂಧದ ಸಾಬೂನು ತಂದಿದ್ದೆ. ದಿನಕ್ಕೆ ಎರಡು ಜಳಕ. ಆ ಮನೆಯ ವಾಸನೆ ನನ್ನ ಮೈಗೆ ಹತ್ತಬಾರದು ಎಂಬುದು ನನ್ನ ಹಟ. ನಾನು ಅಂಗಳ ದಾಟುವಾಗಲೆಲ್ಲ ಅತ್ತೆ ಮೂಗು ಮೇಲೆ ಮಾಡಿ, "ಊದಿನಕಡ್ಡಿ ಹೊಂಟ್ತು ನೋಡ್ರಿ" ಎನ್ನುತ್ತಿದ್ದರು. ಮಾವ ಮೀಸೆಯೊಳಗೇ ನಗುತ್ತಿದ್ದರು. ನಮ್ಮನೆಯವರೂ ನಗುತ್ತಿದ್ದರು, ಆದರೆ ಗೋಡೆಯ ಕಡೆ ತಿರುಗಿ. ಹೊಸದಾಗಿ ಮದುವೆಯಾದವರಿಗೆ ಅಷ್ಟು ಜಾಣತನ ಇದ್ದೇ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಸೊಸೆಗೆ ಮಾವ ಒಂದು ಗಬ್ಬದ ಕುರಿ ಕೊಡುತ್ತಾರೆ. ಅದು ಹಾಕಿದ ಮರಿ, ಆ ಮರಿಯ ಮರಿ, ಎಲ್ಲವೂ ಅವಳದೇ. ಆದರೆ ಮೊದಲ ಮರಿಯನ್ನು ಅವಳೇ ಬದುಕಿಸಿಕೊಳ್ಳಬೇಕು. ಬೇರೆಯವರು ಬಾಯಿ ಹಾಕಬಹುದು, ಕೈ ಹಾಕುವಂತಿಲ್ಲ. ಮರಿ ಉಳಿದರೆ ಸೊಸೆಯ ಹಿಂಡು ಶುರು. ಹೋದರೆ ಕುರಿ ಮಾವನ ಹಿಂಡಿಗೆ ವಾಪಸು, ಸೊಸೆ ಒಲೆಯ ಮುಂದೆ. ಅತ್ತೆಯೂ ಹೀಗೆ ಒಂದರಿಂದ ಶುರು ಮಾಡಿ ನಲವತ್ತಕ್ಕೆ ಮುಟ್ಟಿದವರು. ಅದಕ್ಕೇ ನಮ್ಮ ಮನೆಯಲ್ಲಿ ಮಾವನ ದನಿ ದೊಡ್ಡದು, ನಡೆಯುವುದು ಅತ್ತೆಯ ಮಾತು. ನನಗೂ ಅಂಥ ಮಾತು ಬೇಕಿತ್ತು ಎಂದು ಈಗ ನಾಚದೆ ಒಪ್ಪಿಕೊಳ್ಳುತ್ತೇನೆ.

ನನಗೆ ಸಿಕ್ಕಿದ್ದು ಒಂದು ಕಿವಿ ಮಾತ್ರ ಬೆಳ್ಳಗಿದ್ದ ಕರಿ ಕುರಿ. ಒಂದು ಬೆಳಿಗ್ಗೆ ಮಾವ ಮತ್ತು ನಮ್ಮನೆಯವರು ಹಿಂಡು ಹೊಡೆದುಕೊಂಡು ಮೇಯಿಸಲು ಹೋಗಿದ್ದರು, ಅತ್ತೆ ಹಿಟ್ಟಿನ ಗಿರಣಿಗೆ. ಮನೆಯ ಹಿಂದೆ ಮುಳ್ಳುಬೇಲಿ ಕಟ್ಟಿದ ದಡ್ಡಿಯಲ್ಲಿ ಕುರಿ ನರಳುವುದು ಕೇಳಿ ಓಡಿದೆ. ಹೆಣ್ಣು ಮರಿ ಆಗಲೇ ನೆಲದ ಮೇಲಿತ್ತು. ಮೈತುಂಬ ಹಳದಿ ಲೋಳೆ, ಮೇಲೆ ಹಿಕ್ಕೆ, ಕಸ. ತಾಯಿ ನೆಕ್ಕತೊಡಗಿತ್ತು. ನನ್ನ ಮರಿ ಇಷ್ಟು ಹೊಲಸಾಗಿರುವುದೇ ಎನಿಸಿತು. ಎತ್ತಿಕೊಂಡು ಬಚ್ಚಲಿಗೆ ಹೋದೆ. ಬಿಸಿನೀರು ಹದ ಮಾಡಿ, ಗಂಧದ ಸಾಬೂನು ಹಚ್ಚಿ, ಕಿವಿಯ ಸಂದಿಯನ್ನೂ ಬಿಡದೆ ತೊಳೆದೆ. ನನ್ನ ಟವೆಲ್ಲಿನಿಂದ ಒರೆಸಿ, ಇಷ್ಟಾದ ಮೇಲೆ ಇರಲಿ ಎಂದು ಪೌಡರನ್ನೂ ಹಾಕಿದೆ. ಮರಿ ಎರಡು ಸಲ ಸೀನಿತು.

ತಂದು ತಾಯಿಯ ಮುಂದೆ ಬಿಟ್ಟೆ. ಅದು ಮೂಸಿತು, ಬುಸ್ ಎಂದಿತು, ತಲೆ ತಗ್ಗಿಸಿ ಮರಿಯನ್ನು ಬೇಲಿಯವರೆಗೂ ದೂಡಿತು. ಮತ್ತೆ ಬಿಟ್ಟೆ, ಮತ್ತೆ ದೂಡಿತು. ಅಷ್ಟರಲ್ಲಿ ಹಿಟ್ಟಿನ ಡಬ್ಬಿ ಹೊತ್ತು ಅತ್ತೆ ಬಂದರು.

"ಏನ್ ಮಾಡೀ ಬೇ ಮರೀಗೆ?"

"ಜಳಕಾ ಮಾಡಿಸೇನ್ರಿ, ಅತ್ತಿ. ಭಾಳ ಹೊಲಸಾಗಿತ್ರಿ."

ಅತ್ತೆ ಡಬ್ಬಿ ಇಳಿಸಿ ಕಲ್ಲಿನ ಮೇಲೆ ಕುಳಿತರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಪೌಡರ್ ಬ್ಯಾರೆ! ಇನ್ನ ಪಾಟಿಚೀಲ ಹಾಕಿ ಸಾಲಿಗೆ ಕಳಿಸೂದೊಂದ ಉಳೀತು ನೋಡು." ಆಮೇಲೆ ನಗು ನಿಂತಿತು. "ಹುಡುಗಿ, ಕುರಿ ಕಣ್ಣಿಲೆ ಮರಿ ಹಿಡಿಯಂಗಿಲ್ಲ, ಮೂಗಿಲೆ ಹಿಡಿತೈತಿ. ನೀ ಅದರ ಗುರ್ತನ ತೊಳದ ಬಿಟ್ಟಿ."

"ಈಗ ಏನ್ ಮಾಡ್ಲಿರಿ? ನೀವ ಒಂಚೂರ ಹಿಡೀರಲ್ಲ."

"ನಾ ಕೈ ಹಚ್ಚಂಗಿಲ್ಲ. ನಿನ್ನ ಕುರಿ, ನಿನ್ನ ಮರಿ. ಮಾಸು ಬಿದ್ದಿದ್ರ ತಂದು ಮರಿ ಮೈಗೆ ತಿಕ್ಕು."

ಮರಿಯ ಬೆನ್ನಿಗೇ ಬೀಳುವ ಆ ಚೀಲ, ಮಾಸು, ಬಿದ್ದಿತ್ತು. ಆದರೆ ನಮ್ಮ ನಾಯಿ ದಡ್ಡಿಯ ಮೂಲೆಯಲ್ಲಿ ಬಾಯಿ ನೆಕ್ಕಿಕೊಳ್ಳುತ್ತ, ತನಗೇನೂ ಗೊತ್ತಿಲ್ಲದವರ ಹಾಗೆ ಬಾಲ ಅಲ್ಲಾಡಿಸುತ್ತಿತ್ತು. ಉಪ್ಪುನೀರು ಚಿಮುಕಿಸಿದೆ, ನೆಕ್ಕಲಿಲ್ಲ. ಅತ್ತೆ ಕಲ್ಲಿನ ಮೇಲಿಂದಲೇ ಹೇಳಿದಂತೆ ಕುರಿಯ ತಲೆಯನ್ನು ಗೂಟಕ್ಕೆ ಕಟ್ಟಿ, ಹಿಂಗಾಲು ಒತ್ತಿ ಹಿಡಿದು, ಗಿಣ್ಣದ ಹಾಲು ಹಿಂಡಿ ಮರಿಯ ಬಾಲಕ್ಕೆ, ಬೆನ್ನಿಗೆ ಸವರಿ, ಕೆಚ್ಚಲಿಗೆ ಬಾಯಿ ಹಚ್ಚಿದೆ. ಕುರಿ ಒದ್ದಿತು. ಒದ್ದದ್ದು ಮರಿಗಲ್ಲ, ನನಗೆ.

"ನಿನ್ನ ಕೈಯಾಗ ಇನ್ನೂ ಗಂಧ ಐತಿ. ಹಿಡದಷ್ಟೂ ಮರೀಗೆ ಅದ ವಾಸನಿ ಅಂಟತೈತಿ. ಮೂರು ದಿನಾ ಆ ಗಂಧದ ಸಬಕಾರ ಮುಟ್ಟಬ್ಯಾಡ" ಎಂದು ಅತ್ತೆ ತೀರ್ಪು ಕೊಟ್ಟರು. ತಾವು ದಡ್ಡಿ ಗುಡಿಸುವಾಗ ಉಡುವ ಹಳೆಯ ಸೀರೆ ತಂದು ನನ್ನ ಹೆಗಲಿಗೆ ಹಾಕಿದರು. ಆ ಸೀರೆ ಬಿಚ್ಚಿಟ್ಟರೆ ತಾನೇ ನಿಲ್ಲುವಂತಿತ್ತು. ಸಂಜೆ ಮಾವ ಬಂದು ಬಾಗಿಲಲ್ಲೇ ಗಾಳಿ ಎಳೆದುಕೊಂಡು, "ಇವತ್ತ ಊದಿನಕಡ್ಡಿ ಆರಿದಂಗ ಕಾಣ್ತೈತಿ" ಎಂದರು. ಈ ಸಲ ನಮ್ಮನೆಯವರು ಗೋಡೆಯ ಕಡೆ ತಿರುಗುವುದನ್ನೂ ಮರೆತರು.

ಎರಡನೆಯ ದಿನ ಯಾರಿಗೂ ನಗು ಬರಲಿಲ್ಲ. ಮರಿ ತಣ್ಣಗಾಗಿ ಕಾಲು ಚಾಚಿ ಮಲಗಿತ್ತು, ಬಾಯಿಗೆ ಮೊಲೆ ಇಟ್ಟರೂ ಹೀರಲೊಲ್ಲದು. ಸೆರಗಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬೆರಳನ್ನು ಹಾಲಿನಲ್ಲಿ ಅದ್ದಿ ನಾಲಿಗೆಗೆ ಹಚ್ಚುತ್ತ ಕುಳಿತೆ. ಸ್ವಚ್ಛ ಮಾಡಲು ಹೋಗಿ ಅದನ್ನು ನಾನೇ ಅನಾಥ ಮಾಡಿದೆನಲ್ಲ ಎಂದು ಅಳು ತಡೆಯಲಾಗಲಿಲ್ಲ. ಎದುರಿಗೆ ಕುಳಿತಿದ್ದ ಅತ್ತೆ ಮರಿಯ ಕಡೆ ಕೈ ಚಾಚಿದರು, ನೆನಪಾಗಿ ಹಿಂದಕ್ಕೆ ಎಳೆದುಕೊಂಡರು. ಆ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ನನ್ನ ತಲೆಯ ಮೇಲಿಟ್ಟರು.

"ಅಳಬ್ಯಾಡ. ತಾಯಿ ಹಾಲು ಇದರ ಹೊಟ್ಟಿಯೊಳಗ ಹೋಗಿ ಹೊರಗ ಬರಬೇಕು. ಆಮ್ಯಾಲೆ ಮರಿ ಮೈಗೆಲ್ಲಾ ಅದರದ ವಾಸನಿ ಬರತೈತಿ. ಅಲ್ಲೀತನಕಾ ಕುಡಸ್ತನ ಇರು."

ಕುಡಿಸುತ್ತಲೇ ಇದ್ದೆ. ಹೊತ್ತು ಇಳಿಯುವಷ್ಟರಲ್ಲಿ ಮರಿ ಬೆರಳು ಬಿಟ್ಟು ಮೊಲೆ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಕುರಿಯನ್ನು ಗೂಟಕ್ಕೆ ಕಟ್ಟಿ, ಹಿಂಗಾಲು ಹಿಡಿಯಲು ಬಗ್ಗಿದೆ. ಅದು ಒದೆಯಲಿಲ್ಲ. ಕುತ್ತಿಗೆ ತಿರುಗಿಸಿ ಹಗ್ಗ ಬಿಗಿಯುವವರೆಗೂ ಚಾಚಿ, ಮರಿಯ ಬಾಲದ ಬುಡವನ್ನು ಮೂಸಿತು. ಗಂಟಲಿನಲ್ಲೇ ಸಣ್ಣಗೆ ಗುರುಗುಟ್ಟಿತು. ತನ್ನ ಹೊಸ ಮರಿಯ ಮುಂದಲ್ಲದೆ ಬೇರೆಲ್ಲೂ ಕುರಿ ಆ ದನಿ ತೆಗೆಯುವುದಿಲ್ಲವೆಂದು ಆಮೇಲೆ ತಿಳಿಯಿತು. ಹಗ್ಗ ಬಿಚ್ಚಿದೆ. ಕುರಿ ಅಲ್ಲೇ ನಿಂತಿತು, ಮರಿ ಬಾಲ ಪಟಪಟ ಬಡಿಯುತ್ತ ಕುಡಿಯಿತು. ಅತ್ತೆ ನನ್ನ ಸೆರಗಿನ ಚುಂಗು ಹಿಡಿದು ಮೂಸಿ, "ಈಗ ಬರೋಬರಿ ಆತು" ಎಂದು ಒಳಗೆ ಚಹಾಕ್ಕೆ ನೀರಿಡಲು ಹೋದರು.

ಆ ಮರಿಯ ಕಡೆಯಿಂದ ಈಗ ನನಗೆ ಹನ್ನೊಂದು ಕುರಿ. ಮನೆಯಲ್ಲಿ ನನ್ನ ಮಾತು ಹನ್ನೊಂದು ಕುರಿಯಷ್ಟು ನಡೆಯುತ್ತದೆ. ಉಳಿದ ಸಾಬೂನು ಬಹಳ ದಿನ ಬಂದವು.

ಆ ಮರಿ ಹುಟ್ಟಿದ ವರ್ಷವೇ ಪಂಚಮಿಗೆಂದು ತವರಿಗೆ ಹೋದೆ. ಹೊರಡುವ ಮುಂಚೆ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಗಂಧದ ಸಾಬೂನನ್ನೂ ಮರೆಯದೆ ಹಚ್ಚಿಕೊಂಡಿದ್ದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಾಗ ಗಾಳಿಗೆ ಹೋದಳು ಎಂದುಕೊಂಡೆ. ಹಿರೇಕೆರೂರಿನ ಮನೆಯ ಹೊಸ್ತಿಲಲ್ಲಿ ಅವ್ವ ಎರಡೂ ಕೈ ಚಾಚಿ ಬಂದವಳು ಹತ್ತಿರಕ್ಕೆ ಬರುತ್ತಲೇ ತಟಕ್ಕನೆ ನಿಂತಳು. ನನ್ನ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿದಳು.

"ಏನ ಬೇ ಇದು? ನಮ್ಮ ಮನಿ ವಾಸನಿನ ಉಳಿದಿಲ್ಲಲ್ಲ ನಿನ್ನ ಮ್ಯಾಲ!"

ಮೂಸಿದ ಮೇಲೆ ಏನಾಗುತ್ತದೆ ಎಂಬುದನ್ನು ಮೂರು ದಿನ ಕಣ್ಣಾರೆ ಕಂಡವಳು ನಾನು. ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತೆ. ಅವ್ವ ಇನ್ನೊಮ್ಮೆ ಮೂಸಿದಳು, ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಮಾವನ ಆ ನಾಲ್ಕು ಕುರಿಗಳಿಗೆ ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ನನ್ನನ್ನು ಎಳೆದು ಎದೆಗೆ ಒತ್ತಿಕೊಂಡಳು.