ಪ್ರಿಂಟಾಗದೆ ಉಳಿದ ಪುಟ

ಹಗರಿಬೊಮ್ಮನಹಳ್ಳಿಯ ಬೀಜದ ಕಂಪನಿಗೆ ನಾನು ಸೇರಿದಾಗ ಕಂಪ್ಯೂಟರ್ ಕೆಲಸ ಕಲಿಸಿದ್ದು ಒಬ್ಬ ಅಕ್ಕ. ಕೊಟ್ಟೂರಿನವರು, ಮೋಟರ್ ರಿಪೇರಿಯ ಮುಸ್ಲಿಂ ಮನೆತನ, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಇಡೀ ಆಫೀಸು ನಂಬಿದ್ದ ಆ ಹಳೆಯ ದೊಡ್ಡ ಯಂತ್ರವೆಂದರೆ ನನಗೆ ಭಯ. ಕಪ್ಪು ಪರದೆ, ಹಸಿರು ಅಕ್ಷರ. ಅಕ್ಕ ಮಾತಾಡುತ್ತಲೇ ಅದನ್ನು ಪಳಗಿಸುತ್ತಿದ್ದರು. ಶನಿವಾರ ಮಧ್ಯಾಹ್ನ ಮಾತ್ರ ನನ್ನನ್ನು ಊಟಕ್ಕೆ ಕಳಿಸಿ ಒಬ್ಬರೇ ಏನೋ ಮಾಡುತ್ತ ಕೂಡುತ್ತಿದ್ದರು. ಏನೆಂದು ನಾನು ಕೇಳಿರಲಿಲ್ಲ.

ತಾಯಿ ಹಾಸಿಗೆ ಹಿಡಿದಾಗ ಅವರು ಕೆಲಸ ಬಿಟ್ಟರು. ಮೊದಮೊದಲು ಫೋನ್ ಮಾಡುತ್ತಿದ್ದೆವು, ಆಮೇಲೆ ಅದೂ ನಿಂತಿತು. ಹೋದ ವರ್ಷ ಬಸ್ಸಿನಲ್ಲಿ ಸಿಕ್ಕ ಕೊಟ್ಟೂರಿನ ಹೆಂಗಸೊಬ್ಬರು, ಅಕ್ಕ ಹೇಗಿದ್ದಾರೆ ಎಂದು ಕೇಳಿದ್ದಕ್ಕೆ, ಹೇಳಿದರು: "ಆಕಿ ತೀರಿಹೋಗಿ ನಲವತ್ತು ದಿನದ ಮ್ಯಾಲಾತಲ್ಲವಾ. ನಿನಗ ಗೊತ್ತಿಲ್ಲೇನು?"

ಈ ಬೇಸಿಗೆಯಲ್ಲಿ ಯಂತ್ರ ನಿಂತು ನಿಂತು ನಡೆಯತೊಡಗಿತು. ಡಿಸ್ಕ್ ತುಂಬಿಹೋಗಿದೆ ಎಂಬ ಎಚ್ಚರಿಕೆ ಬೇರೆ. ಎಂಜಿನಿಯರ್‌ಗೆ ಫೋನ್ ಮಾಡಿದೆ.

"ಪ್ರಿಂಟಿಗೆ ಕಳಿಸಿದ್ದು ಪ್ರಿಂಟ್ ಆಗದಿದ್ರ ಒಳಗೇ ಕುಂತಿರ್ತೈತ್ರಿ. ಅವನ್ನ ಮೊದಲು ಅಳಿಸ್ರಿ. ವಾರಕ್ಕೊಮ್ಮೆ ತಗದುಹಾಕಬೇಕು. ಯಾರೂ ಮಾಡಿಲ್ಲೇನ್ರಿ?"

ಅಕ್ಕನ ಶನಿವಾರದ ಕೆಲಸ ಆಗ ತಿಳಿಯಿತು.

ಪಟ್ಟಿ ತೆರೆದು ಅಳಿಸುತ್ತ ಹೋದೆ. ಹಳೆಯ ರವಾನೆ ಪಟ್ಟಿಗಳು, ಹಾಜರಿ ಹಾಳೆಗಳು. ಕೊನೆಗೆ ಅಕ್ಕನ ಹೆಸರಿನಲ್ಲಿ ಒಂದೇ ಒಂದು ಪುಟ, ಅವರು ಕೆಲಸ ಬಿಟ್ಟ ದಿನದ್ದು. ಅಂದು ಪ್ರಿಂಟರ್ ರಿಪೇರಿಗೆ ಹೋಗಿತ್ತು, ಮತ್ತೆ ಬರಲೇ ಇಲ್ಲ. ಅದಕ್ಕೆ ಕಳಿಸಿದ್ದ ಪುಟ ಒಳಗೇ ಉಳಿದಿತ್ತು. ತೆರೆದೆ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕನ್ನಡ:

"ತಂಗಿ, ಶನಿವಾರ ಹಳೇ ಪುಟ ಎಲ್ಲಾ ಅಳಿಸು. ಊಟ ಬಿಟ್ಟು ಮಾಡಬ್ಯಾಡ, ನನ್ನಂಗ. ನಿನ್ನ ಮುಂದ ಹೇಳಿದ್ರ ಅತ್ತುಬಿಡ್ತೀನಿ ಅಂತ ಬರದೀನಿ. ಒಂದಿನ ಕೊಟ್ಟೂರಿಗೆ ಬಾ. ಕಾಯ್ತಿರ್ತೀನಿ."

ಫೋನಿನಲ್ಲಿ ಒಮ್ಮೆಯೂ ಇದರ ಮಾತೆತ್ತಿರಲಿಲ್ಲ. ಎಷ್ಟು ದಿನ ಕಾದರೋ. ಓದಿಯೂ ಬರಲಿಲ್ಲ ಅಂದುಕೊಂಡರೋ. ಕೊಟ್ಟೂರೇನು ದೂರವೇ?

ಆ ಪುಟವನ್ನು ಹೊಸ ಪ್ರಿಂಟರಿಗೆ ಕಳಿಸಿ, ಹಾಳೆ ಕೈಗೆ ಬಂದ ಮೇಲೆ ಅಳಿಸಿದೆ. ಸಂಜೆಯ ಹೊತ್ತಿಗೆ ಯಂತ್ರ ಸಲೀಸಾಗಿ ನಡೆಯುತ್ತಿತ್ತು. ಆಫೀಸಿನವರೆಲ್ಲ ಶಹಬ್ಬಾಸ್ ಅಂದರು. ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಭಾನುವಾರ ಕೊಟ್ಟೂರಿಗೆ ಹೋದೆ. ಅಕ್ಕನ ತಮ್ಮ ಅಂಗಡಿಯಲ್ಲಿ ಮೋಟರಿಗೆ ತಂತಿ ಸುತ್ತುತ್ತಿದ್ದರು. ಹಾಳೆ ಕೊಟ್ಟೆ. ತುಟಿ ಅಲುಗಿಸುತ್ತ ಎರಡು ಸಲ ಓದಿದರು. ಕಣ್ಣೊರೆಸಿಕೊಂಡು ಸ್ಟೂಲು ಮುಂದೆ ತಳ್ಳಿದರು.

"ಕುಂದರ್ರಿ. ಅಲ್ಲಿ ಅಕ್ಕ ಏನ್ ಕೆಲಸ ಮಾಡ್ತಿದ್ಲು ಅಂತ ನಮಗ ಸರಿಯಾಗಿ ಗೊತ್ತೇ ಇಲ್ರಿ. ಸ್ವಲ್ಪ ಹೇಳ್ರಿ."

ಚಹಾ ತರಿಸಿದರು. ನಾನು ಮೊದಲ ದಿನದಿಂದ ಶುರು ಮಾಡಿದೆ.